ಹಗುರ ಬ್ಯಾಗ್, ಬಿಡಿಬಿಡಿ ಕ್ಲಬ್: ಯಾವ ಗಾಲ್ಫ್ ಬ್ಯಾಗ್ ಯಾರಿಗೆ?

ಗಾಲ್ಫ್ ಬ್ಯಾಗ್ ಕೊಳ್ಳಲು ಹೊರಟವರು ಎರಡು ಬೇಡಿಕೆಗಳನ್ನು ಒಂದೇ ಉಸಿರಿನಲ್ಲಿ ಮುಂದಿಡುತ್ತಾರೆ. ಬ್ಯಾಗ್ ಹೆಗಲಿಗೆ ಹೊರೆಯೆನಿಸಬಾರದು. ಒಳಗಿನ ಕ್ಲಬ್‌ಗಳು, ಅಂದರೆ ಚೆಂಡು ಹೊಡೆಯುವ ಕೋಲುಗಳು, ಒಂದಕ್ಕೊಂದು ತಾಗದೆ, ಸಿಕ್ಕಿಕೊಳ್ಳದೆ ಬಿಡಿಬಿಡಿಯಾಗಿ ನಿಲ್ಲಬೇಕು. ಎರಡೂ ನ್ಯಾಯವಾದ ಬೇಡಿಕೆಗಳೇ. ಆದರೆ ಮೊದಲನೆಯದು ಈಡೇರಬೇಕಾದರೆ ಬ್ಯಾಗಿನಿಂದ ಏನನ್ನಾದರೂ ತೆಗೆಯಬೇಕು, ಎರಡನೆಯದಕ್ಕೆ ಏನನ್ನಾದರೂ ಸೇರಿಸಬೇಕು. ನಾಲ್ಕು ಖಾನೆಯದೋ, ಆರು ಖಾನೆಯದೋ, ಹದಿನಾಲ್ಕು ಖಾನೆಯದೋ ಎಂದು ತಿಂಗಳುಗಟ್ಟಲೆ ತೂಗಿ ನೋಡುತ್ತಾ ಕೂರುವವರು ಸಿಕ್ಕಿಬಿದ್ದಿರುವುದು ಈ ಜಗ್ಗಾಟದಲ್ಲಿ.

ಗೊಂದಲಕ್ಕೆ ಅರ್ಧ ಕಾರಣ ಆ ಖಾನೆಗಳ ಸಂಖ್ಯೆಯೇ. ಬ್ಯಾಗಿನ ಬಾಯಲ್ಲಿ ಎಷ್ಟು ಖಾನೆ ಕಾಣುತ್ತದೋ ಕ್ಲಬ್‌ಗಳು ಅಷ್ಟು ಬೇರೆಯಾಗಿರುತ್ತವೆ ಎಂದು ನಂಬಿಸುವ ರೀತಿಯಲ್ಲಿ ಮಾರಾಟ ನಡೆಯುತ್ತದೆ. ಇದು ಪೂರ್ತಿ ನಿಜವಲ್ಲ. ಕ್ಲಬ್‌ನ ಯಾವ ಭಾಗ ಇನ್ನೊಂದಕ್ಕೆ ತಾಗಬಾರದು ಎಂಬುದನ್ನು ಮೊದಲು ತೀರ್ಮಾನಿಸಿಕೊಂಡರೆ ಮುಕ್ಕಾಲು ಪಾಲು ಆಯ್ಕೆ ಮುಗಿದಂತೆ. ಬೇಡದ ಬೇರ್ಪಡಿಕೆಗೆ ಗ್ರಾಂ ಗ್ರಾಂ ಲೆಕ್ಕದಲ್ಲಿ ಹೆಗಲು ತೆರಿಗೆ ಕಟ್ಟುವುದೂ ತಪ್ಪುತ್ತದೆ.

ತಾಗುವ ಮೂರು ಜಾಗಗಳು

ಬ್ಯಾಗಿನೊಳಗೆ ಕ್ಲಬ್‌ಗಳು ಪರಸ್ಪರ ತೊಂದರೆ ಕೊಡುವುದು ಮೂರು ಮಟ್ಟದಲ್ಲಿ: ತಳದಲ್ಲಿ ಗ್ರಿಪ್ ಅಂದರೆ ಹಿಡಿ, ನಡುವೆ ಶಾಫ್ಟ್ ಅಂದರೆ ಉದ್ದನೆಯ ದಂಡ, ಮೇಲೆ ಚೆಂಡಿಗೆ ಬಡಿಯುವ ತಲೆ. ಮೂರಕ್ಕೂ ಮದ್ದು ಬೇರೆ, ಮದ್ದಿನ ತೂಕವೂ ಬೇರೆ.

ಗ್ರಿಪ್ ರಬ್ಬರಿನದು, ಬಟ್ಟೆಗೂ ಅಂಟುತ್ತದೆ, ಇನ್ನೊಂದು ಗ್ರಿಪ್ಪಿಗೂ ಅಂಟುತ್ತದೆ. ತಳದಲ್ಲಿ ಅಡ್ಡಗೋಡೆ ಇಲ್ಲದ ಬ್ಯಾಗಿನಲ್ಲಿ ಗ್ರಿಪ್‌ಗಳು ಒಂದರ ಮೇಲೊಂದು ಕತ್ತರಿಯಾಕಾರದಲ್ಲಿ ಹಾಯ್ದು ನಿಲ್ಲುತ್ತವೆ. ಏಳನೇ ನಂಬರಿನ ಐರನ್ (ತೆಳು ಲೋಹದ ತಲೆಯ ಕ್ಲಬ್) ಎಳೆದರೆ ಜೊತೆಗೆ ಎಂಟನೆಯದೂ ಅರ್ಧ ಮೇಲೆ ಬರುತ್ತದೆ. ವಾಪಸ್ ಹಾಕಲು ಹೋದರೆ ಕಾಲು ಭಾಗ ಒಳಗಿಳಿದು ಅಲ್ಲೇ ನಿಂತುಬಿಡುತ್ತದೆ. ಒಂದು ಸುತ್ತಿನಲ್ಲಿ ಎಂಬತ್ತು ನೂರು ಹೊಡೆತ ಹೊಡೆಯುವವರಿಗೆ ಇದು ಸಣ್ಣ ಕಿರಿಕಿರಿಯಲ್ಲ. ಬ್ಯಾಗಿನ ವಿನ್ಯಾಸದಲ್ಲಿ ಇದಕ್ಕೆ ಇರುವ ಮುಖ್ಯ ಪರಿಹಾರ ಬಾಯಿಂದ ತಳದವರೆಗೆ ಇಳಿಯುವ ಡಿವೈಡರ್, ಅಂದರೆ ಬಟ್ಟೆಯ ಅಡ್ಡಗೋಡೆ.

ಶಾಫ್ಟ್ ವಿಷಯದಲ್ಲಿ ಉಕ್ಕಿನದಕ್ಕೆ ಹೆಚ್ಚು ಚಿಂತೆ ಬೇಡ. ಗ್ರಾಫೈಟ್ (ಕಾರ್ಬನ್ ನಾರಿನ) ಶಾಫ್ಟ್ ಇದ್ದವರು ಮಾತ್ರ ಗಮನ ಕೊಡಬೇಕು. ನಡೆಯುವಾಗ ಶಾಫ್ಟ್ ಬ್ಯಾಗಿನ ಬಾಯಂಚಿಗೆ ಒಂದೇ ಜಾಗದಲ್ಲಿ ಸತತವಾಗಿ ಉಜ್ಜುತ್ತದೆ. ಮೊದಲು ಬಣ್ಣ ಹೋಗುತ್ತದೆ, ಅದು ಬರೀ ನೋಟದ ಮಾತು. ಉಜ್ಜಾಟ ಬಣ್ಣ ದಾಟಿ ನಾರಿನ ಪದರಕ್ಕೆ ಇಳಿದರೆ ಶಾಫ್ಟ್ ದುರ್ಬಲವಾಗಿ ಮುರಿಯುವ ಅಪಾಯವಿದೆ. ಪರಿಹಾರ ಖಾನೆಗಳ ಸಂಖ್ಯೆಯಲ್ಲಿ ಇಲ್ಲ. ಬಾಯಂಚಿಗೂ ಡಿವೈಡರಿನ ಮೇಲ್ತುದಿಗೂ ಮೃದುವಾದ ಬಟ್ಟೆ ಹೊದಿಸಿದ್ದಾರೆಯೇ ಎಂಬುದರಲ್ಲಿದೆ. ಅದಕ್ಕೆ ತಗಲುವ ತೂಕ ಅತ್ಯಲ್ಪ.

ತಲೆಗಳ ಕಥೆಯೇ ಬೇರೆ. ನಡೆಯುವಾಗ ಕೇಳುವ ಟಣಟಣ ಸದ್ದು ಇವುಗಳದು. ಹದಿನಾಲ್ಕು ಖಾನೆ ಇದ್ದರೆ ಸದ್ದು ನಿಲ್ಲುತ್ತದೆ ಎಂದು ಹಲವರು ಭಾವಿಸುತ್ತಾರೆ. ಲೆಕ್ಕ ಹಾಕಿ ನೋಡೋಣ. ಬಾಯಿಯ ಅಗಲ 9.5 ಇಂಚು ಇರುವ ದೊಡ್ಡ ಬ್ಯಾಗಿನಲ್ಲೂ ಹದಿನಾಲ್ಕು ಸಮಭಾಗ ಮಾಡಿದರೆ ಒಂದೊಂದು ಖಾನೆಗೆ ಸಿಗುವುದು ಸುಮಾರು 5.7 ಸೆಂಟಿಮೀಟರ್ ಚೌಕ. 7 ಇಂಚಿನ ಬಾಯಿಯಾದರೆ 4.2 ಸೆಂಟಿಮೀಟರ್. ಗೋಡೆಗಳ ದಪ್ಪ ಕಳೆದರೆ ಇನ್ನೂ ಕಡಿಮೆ. ಐರನ್ ತಲೆಯ ಉದ್ದವೋ 7–8 ಸೆಂಟಿಮೀಟರ್. ಅಂದರೆ ಶಾಫ್ಟ್‌ಗಳು ತಮ್ಮ ತಮ್ಮ ಮನೆಯಲ್ಲಿ ಭದ್ರವಾಗಿ ಕುಳಿತಿದ್ದರೂ ತಲೆಗಳು ಮೇಲೆ ಅಕ್ಕಪಕ್ಕದವುಗಳ ಮೇಲೆ ಚಾಚಿಕೊಂಡೇ ಇರುತ್ತವೆ. ಡಿವೈಡರ್ ಅವುಗಳ ಓಲಾಟವನ್ನು ತಗ್ಗಿಸುತ್ತದೆ, ಹಾಗಾಗಿ ಸದ್ದು ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ತಲೆಗಳನ್ನು ನಿಜಕ್ಕೂ ದೂರ ಇಡುವುದು ಬಾಯಿಯನ್ನು ಮೆಟ್ಟಿಲಿನಂತೆ ಏರಿಳಿತವಾಗಿ ಕತ್ತರಿಸುವ ವಿನ್ಯಾಸ. ಹಿಂದಿನ ಸಾಲು ಎತ್ತರ, ಮುಂದಿನ ಸಾಲು ತಗ್ಗು. ಆಗ ಒಂದು ಸಾಲಿನ ತಲೆಗಳು ಇನ್ನೊಂದರ ಮಟ್ಟಕ್ಕೆ ಬರುವುದಿಲ್ಲ. ಇದಕ್ಕೆ ಹೆಚ್ಚುವರಿ ತೂಕ ಹೆಚ್ಚುಕಡಿಮೆ ಇಲ್ಲವೇ ಇಲ್ಲ.

ಒಂದು ಮಾತು ಹೇಳಿಯೇಬಿಡುತ್ತೇನೆ: ತಲೆಗಳ ಮೇಲಿನ ಸಣ್ಣ ಗೀರುಗಳಿಂದ ಹೊಡೆತಕ್ಕೆ ಬಹುಪಾಲು ಏನೂ ಆಗುವುದಿಲ್ಲ. ಕುಲುಮೆಯಲ್ಲಿ ಬಡಿದು ಮಾಡಿದ, ಅಂದರೆ ಫೋರ್ಜ್ ಮಾಡಿದ ಐರನ್‌ಗಳು ಮೆದುವಾದ ಕಾರ್ಬನ್ ಉಕ್ಕಿನವು, ಬೇಗ ನೆಗ್ಗುತ್ತವೆ. ಅಂಥವುಗಳ ಮಾಲೀಕರ ನೋವು ಅರ್ಥವಾಗುತ್ತದೆ. ಉಳಿದವರು ಈ ಸದ್ದಿಗಾಗಿ ಒಂದು ಕಿಲೋ ಹೆಚ್ಚು ಹೊರುವ ಮೊದಲು ಎರಡು ಸಲ ಯೋಚಿಸಲಿ. ಕೈಬಟ್ಟೆಯನ್ನು ಐರನ್ ತಲೆಗಳ ನಡುವೆ ಹಾವಿನ ಹಾಗೆ ಹೊಸೆದು ಬಿಟ್ಟರೂ ಸದ್ದು ಬಹಳಷ್ಟು ಅಡಗುತ್ತದೆ, ಹೇಗೂ ಆ ಬಟ್ಟೆಯನ್ನು ಹೊತ್ತೇ ಇರುತ್ತೀರಿ.

ತೂಕವನ್ನು ಎಲ್ಲಿಂದ ಎಣಿಸಬೇಕು

ಖಾಲಿ ಬ್ಯಾಗಿನ ತೂಕ ಚೀಟಿಯ ಮೇಲೆ ಬರೆದಿರುತ್ತದೆ. ಹೆಗಲ ಮೇಲೆ ಬರುವುದು ತುಂಬಿದ ಬ್ಯಾಗ್. ಅತಿ ದೂರಕ್ಕೆ ಹೊಡೆಯುವ ಡ್ರೈವರ್ ಸುಮಾರು 300 ಗ್ರಾಂ ಚಿಲ್ಲರೆ, ಉಕ್ಕಿನ ಶಾಫ್ಟ್‌ನ ಐರನ್ ಒಂದಕ್ಕೆ 400ರ ಆಚೀಚೆ, ಹತ್ತಿರದ ಹೊಡೆತಕ್ಕೆ ಬಳಸುವ ವೆಡ್ಜ್ 450ಕ್ಕೆ ಹತ್ತಿರ, ಚೆಂಡನ್ನು ಕುಳಿಗೆ ಉರುಳಿಸುವ ಪಟರ್ 500 ದಾಟುತ್ತದೆ. ನಿಯಮ ಒಪ್ಪುವ ಗರಿಷ್ಠ ಹದಿನಾಲ್ಕು ಕ್ಲಬ್ ಸೇರಿದರೆ ಐದೂವರೆಯಿಂದ ಆರು ಕಿಲೋ. ಚೆಂಡೊಂದು ನಿಯಮದ ಪ್ರಕಾರ 45.93 ಗ್ರಾಂ ಮೀರುವಂತಿಲ್ಲ; ಆರು ಚೆಂಡಿಗೆ ಕಾಲು ಕಿಲೋಗಿಂತ ತುಸು ಹೆಚ್ಚು. ಒಂದು ಲೀಟರ್ ನೀರು ಒಂದು ಕಿಲೋ. ಕೊಡೆ, ಮಳೆಯಂಗಿ, ಕೈಗವಸು ಎಂದು ಇನ್ನೊಂದಿಷ್ಟು. ಬ್ಯಾಗ್ ಸೇರುವ ಮೊದಲೇ ಏಳೆಂಟು ಕಿಲೋ ಆಗಿಹೋಯಿತು.

ಈ ಲೆಕ್ಕದಲ್ಲಿ ಒಂದು ಅನುಕೂಲಕರ ಸಮೀಕರಣ ಅಡಗಿದೆ. ಕಾಲು ಚಾಚಿ ನಿಲ್ಲುವ ಸ್ಟ್ಯಾಂಡ್ ಬ್ಯಾಗ್‌ಗಳಲ್ಲಿ, ಅತಿ ಹಗುರವಾದದ್ದಕ್ಕೂ ಹದಿನಾಲ್ಕು ಖಾನೆಯದಕ್ಕೂ ಇರುವ ಅಂತರ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಕಿಲೋ. ಮೂರು ನಾಲ್ಕು ಕ್ಲಬ್ ಮನೆಯಲ್ಲಿ ಬಿಟ್ಟರೆ ಅಷ್ಟೇ ತೂಕ ಇಳಿಯುತ್ತದೆ, ಜೊತೆಗೆ ಉಳಿದವುಗಳ ನಡುವೆ ಜಾಗವೂ ಹೆಚ್ಚುತ್ತದೆ. ಹಗುರ, ಬೇರ್ಪಡಿಕೆ ಎರಡನ್ನೂ ಒಟ್ಟಿಗೆ ಕೊಡುವ ಉಪಾಯ ಇದೊಂದೇ. ಕಾಸಿನ ಖರ್ಚೂ ಇಲ್ಲ. ಹದಿನಾಲ್ಕಕ್ಕಿಂತ ಹೆಚ್ಚು ಕ್ಲಬ್ ಇರಬಾರದೆಂಬ ಮಿತಿಯನ್ನು ಗಾಲ್ಫ್ ನಿಯಮ ರೂಪಿಸುವ ಸಂಸ್ಥೆಗಳಾದ ಅಮೆರಿಕದ ಯುಎಸ್‌ಜಿಎ 1938ರಲ್ಲಿ, ಬ್ರಿಟನ್ನಿನ ಆರ್ ಅಂಡ್ ಎ 1939ರಲ್ಲಿ ತಂದವು. ಹದಿನಾಲ್ಕು ಇರಲೇಬೇಕು ಎಂದು ಯಾರೂ ಹೇಳಿಲ್ಲ. ಅಮೆರಿಕದ ಆಟಗಾರ ಚಿಕ್ ಇವಾನ್ಸ್ 1916ರ ಯುಎಸ್ ಓಪನ್ ಗೆದ್ದದ್ದು ಏಳೇ ಕ್ಲಬ್‌ಗಳಲ್ಲಿ.

ಇನ್ನು, ಡಿವೈಡರ್ ಎಷ್ಟು ತೂಗುತ್ತದೆ? ಬ್ಯಾಗಿನ ಉದ್ದ ಸುಮಾರು 85 ಸೆಂಟಿಮೀಟರ್, ಅಗಲ 20 ಎಂದುಕೊಳ್ಳಿ. ತಳದವರೆಗೆ ಇಳಿಯುವ ಒಂದು ಗೋಡೆಗೆ ಬೇಕಾದ ಬಟ್ಟೆ 0.17 ಚದರ ಮೀಟರ್. ಚದರ ಮೀಟರಿಗೆ 120 ಗ್ರಾಂ ತೂಗುವ ನೈಲಾನ್ ಬಳಸಿದರೆ ಒಂದು ಗೋಡೆಗೆ 20 ಗ್ರಾಂ. ಇಂಥ ಆರು ಗೋಡೆ ಹಾಕಿದರೂ 120 ಗ್ರಾಂ ಚಿಲ್ಲರೆ. ಹಾಗಾದರೆ ಹೆಚ್ಚು ಖಾನೆಯ ಬ್ಯಾಗ್ ಅಷ್ಟು ಭಾರವೇಕೆ? ಗೋಡೆಗಳಿಂದಲ್ಲ, ಗೋಡೆಗಳು ಕೇಳುವ ಹೊಟ್ಟೆಯಿಂದ. ಬಾಯಿ 7 ಇಂಚಿನಿಂದ 9.5 ಇಂಚಿಗೆ ಹಿಗ್ಗಿದರೆ ಸುತ್ತಳತೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೆಳೆಯುತ್ತದೆ. ಹೊರಬಟ್ಟೆ, ಒಳಪದರ, ಫೋಮ್, ತಳದ ಪ್ಲಾಸ್ಟಿಕ್, ಬಾಯಿಯ ಅಚ್ಚು ಎಲ್ಲವೂ ಅದರ ಜೊತೆ ಬೆಳೆಯುತ್ತವೆ. ಬ್ಯಾಗ್ ಹೊಲಿಸಿಕೊಳ್ಳುವ ಅಥವಾ ವಿನ್ಯಾಸ ಮಾಡುವ ಆಸೆ ಇರುವವರಿಗೆ ಇದು ಮುಖ್ಯ ಸೂತ್ರ: ಪೂರ್ಣ ಉದ್ದದ ಗೋಡೆಗೆ ಜಿಪುಣತನ ಬೇಡ, ಅಗಲಕ್ಕೆ ಮಾಡಿ.

ಅಳತೆಗೋಲುಗಳು

ಆಯ್ಕೆಗಳನ್ನು ನೋಡುವ ಮೊದಲು ನಾನು ತೂಗುವ ಕ್ರಮ ಹೇಳುತ್ತೇನೆ. ಬ್ಯಾಗ್ ಹೆಗಲ ಮೇಲೆ ಹೋಗುತ್ತದೆಯೋ, ತಳ್ಳುವ ಟ್ರಾಲಿಯ ಮೇಲೋ, ಆಟಗಾರರು ಕೂತು ಹೋಗುವ ಪುಟ್ಟ ವಾಹನವಾದ ಕಾರ್ಟಿನ ಹಿಂದೋ ಎಂಬುದು ಮೊದಲನೆಯದು. ಹದಿನೆಂಟು ಕುಳಿಗಳ ಸುತ್ತಿಗೆ ಎಂಟು ಹತ್ತು ಕಿಲೋಮೀಟರ್ ನಡೆಯಬೇಕಾಗುತ್ತದೆ. ಅಷ್ಟು ದೂರ ಹೊರುವವರ ಆದ್ಯತೆ ಚಕ್ರದ ಮೇಲೆ ಸಾಗಿಸುವವರ ಆದ್ಯತೆಯಾಗಲು ಸಾಧ್ಯವೇ ಇಲ್ಲ. ಎರಡನೆಯದು ಮೇಲೆ ಹೇಳಿದ ಮೂರು ತಾಗಾಟಗಳಲ್ಲಿ ನಿಮ್ಮನ್ನು ಕಾಡುವುದು ಯಾವುದು ಎಂಬುದು. ಆಮೇಲೆ ಕ್ಲಬ್ ವಾಪಸ್ ಹಾಕುವ ಸುಲಭ. ಕೊನೆಯಲ್ಲಿ ಬಾಳಿಕೆ, ಮಳೆ, ಬೆಲೆ. ಜೇಬುಗಳ ಸಂಖ್ಯೆ ನನ್ನ ಪಟ್ಟಿಯಲ್ಲೇ ಇಲ್ಲ, ಏಕೆಂದರೆ ಎಷ್ಟು ಜೇಬು ಕೊಟ್ಟರೂ ಅಷ್ಟನ್ನೂ ತುಂಬುವ ಕಲೆ ನಮಗೆ ಹುಟ್ಟಿನಿಂದ ಬಂದಿದೆ.

ಪೆನ್ಸಿಲ್ ಬ್ಯಾಗ್

ಸಂಡೇ ಬ್ಯಾಗ್ ಎಂದೂ ಕರೆಯುವ ಈ ಸಣಕಲು ಚೀಲ ಒಂದು ಕಿಲೋ ಆಸುಪಾಸು ತೂಗುತ್ತದೆ, ಕೆಲವು ಅದಕ್ಕಿಂತಲೂ ಕಡಿಮೆ. ಕಾಲುಗಳಿಲ್ಲ, ಬಾಯಲ್ಲಿ ಒಂದೋ ಎರಡೋ ಖಾನೆ. ಇದರಲ್ಲಿ ಹದಿನಾಲ್ಕು ತುರುಕಿದರೆ ಹಗುರವೆಂಬ ಒಂದು ಗುಣವನ್ನು ಬಿಟ್ಟು ಉಳಿದೆಲ್ಲವೂ ಕೆಡುತ್ತದೆ. ಆದರೆ ಆರರಿಂದ ಎಂಟು ಕ್ಲಬ್ ಹಾಕಿ, ನಡುವೆ ಒಂದೇ ಒಂದು ಪೂರ್ಣ ಉದ್ದದ ಗೋಡೆ ಇದ್ದರೆ, ಗ್ರಿಪ್‌ಗಳ ಸಿಕ್ಕು ಬಹುತೇಕ ಇರುವುದಿಲ್ಲ. ಸಂಜೆ ಒಂಬತ್ತು ಕುಳಿ ಆಡಿ ಬರುವವರಿಗೆ, ಅಭ್ಯಾಸದ ಮೈದಾನಕ್ಕೆ ಹೋಗುವವರಿಗೆ, ಅರ್ಧ ಸೆಟ್ಟಿನಲ್ಲಿ ಆಟ ಶುರುಮಾಡಿದವರಿಗೆ ಇದಕ್ಕಿಂತ ಅಗ್ಗದ ಒಳ್ಳೆಯ ದಾರಿ ಇಲ್ಲ. ಕೊರತೆ ಎರಡು: ಒದ್ದೆ ಹುಲ್ಲಿನ ಮೇಲೆ ಮಲಗಿಸಬೇಕು, ಪ್ರತಿ ಸಲ ಬಗ್ಗಿ ಎತ್ತಬೇಕು. ಸೊಂಟನೋವು ಇರುವವರು ಈ ಬಗ್ಗುವಿಕೆಯನ್ನು ತೂಕದ ಜೊತೆಗೇ ಲೆಕ್ಕಕ್ಕೆ ತೆಗೆದುಕೊಳ್ಳಲಿ. ನಲವತ್ತು ಸಲ ಬಗ್ಗುವುದಕ್ಕಿಂತ ಅರ್ಧ ಕಿಲೋ ಹೆಚ್ಚಿನ ಕಾಲುಗಳೇ ಮೇಲು.

ನಾಲ್ಕೈದು ಖಾನೆಯ ಹಗುರ ಸ್ಟ್ಯಾಂಡ್ ಬ್ಯಾಗ್

ಒಂದೂವರೆಯಿಂದ ಎರಡು ಕಿಲೋ ತೂಗುವ ಈ ವರ್ಗ ಹೊತ್ತು ನಡೆಯುವವರ ಮೊದಲ ಆಯ್ಕೆ ಆಗಬೇಕು ಎಂಬುದು ನನ್ನ ಅಭಿಪ್ರಾಯ. ಕಾರಣ ಬ್ಯಾಗ್ ವಾಲುವ ರೀತಿಯಲ್ಲಿದೆ. ಸ್ಟ್ಯಾಂಡ್ ಬ್ಯಾಗ್ ನೆಟ್ಟಗೆ ನಿಲ್ಲುವುದಿಲ್ಲ. ಕಾಲು ಚಾಚಿ ಹಿಂದಕ್ಕೆ ಒರಗುತ್ತದೆ. ಹೆಗಲಿಗೆ ಏರಿಸಿದರೆ ಬೆನ್ನಿಗೆ ಅಡ್ಡಲಾಗಿ ಹೆಚ್ಚುಕಡಿಮೆ ಮಲಗಿಬಿಡುತ್ತದೆ. ಎರಡೂ ಸ್ಥಿತಿಯಲ್ಲಿ ಕ್ಲಬ್‌ಗಳೆಲ್ಲ ತಗ್ಗಿನ ಬದಿಗೆ ರಾಶಿ ಬೀಳಲು ನೋಡುತ್ತವೆ. ಅವುಗಳನ್ನು ತಡೆದು ಹಿಡಿಯುವುದು ಅಡ್ಡಸಾಲಿನ ಗೋಡೆಗಳು, ಅಂದರೆ ಹೆಗಲ ಪಟ್ಟಿಯ ಬದಿಯಿಂದ ಹೊಟ್ಟೆಯ ಬದಿಯವರೆಗೆ ಅಟ್ಟಗಳಂತೆ ಒಂದರ ಮೇಲೊಂದು ಬರುವಂಥವು. ಸರಿಯಾಗಿ ಜೋಡಿಸಿದ ಮೂರು ನಾಲ್ಕು ಅಡ್ಡಸಾಲು ಇದ್ದರೆ ಡ್ರೈವರ್ ಮತ್ತು ಅದರಂತೆಯೇ ದಪ್ಪ ತಲೆಯ ವುಡ್‌ಗಳ ಭಾರ ಐರನ್‌ಗಳ ಮೇಲೆ ಬೀಳುವುದಿಲ್ಲ, ಐರನ್‌ಗಳ ಭಾರ ವೆಡ್ಜ್‌ಗಳ ಮೇಲೆ ಬೀಳುವುದಿಲ್ಲ. ಉದ್ದನೆಯವು ಪಟ್ಟಿಯ ಬದಿಯ ಮೇಲಿನ ಸಾಲಿನಲ್ಲಿ, ಗಿಡ್ಡನೆಯವು ಕೆಳಗೆ. ಒಂದು ಸಾಲಿನಲ್ಲಿ ಮೂರು ನಾಲ್ಕು ಕ್ಲಬ್ ಒಟ್ಟಿಗಿರುತ್ತವೆ, ಅವು ತಮ್ಮೊಳಗೆ ತಾಗುತ್ತವೆ ನಿಜ. ಆದರೆ ಮೂರರಲ್ಲಿ ಒಂದನ್ನು ಎಳೆಯುವುದು ಕಷ್ಟವೇನಲ್ಲ.

ಇಲ್ಲಿ ಎಚ್ಚರ ಬೇಕಾದ ಮಾತೊಂದಿದೆ. ಬಾಯಲ್ಲಿ ಐದು ಖಾನೆ ಇದ್ದ ಮಾತ್ರಕ್ಕೆ ಐದೂ ತಳ ಮುಟ್ಟುತ್ತವೆ ಎಂದಲ್ಲ. ಎರಡೇ ಗೋಡೆಗಳು ಪೂರ್ತಿ ಇಳಿದು, ಮಿಕ್ಕವು ಒಂದು ಗೇಣಿನಲ್ಲಿ ನಿಲ್ಲುವ ಬ್ಯಾಗ್‌ಗಳು ಎಷ್ಟೋ ಇವೆ. ವಿವರಪಟ್ಟಿಯಲ್ಲಿ ಖಾನೆಗಳ ಸಂಖ್ಯೆ ಬೇರೆ, ಪೂರ್ಣ ಉದ್ದದ ಡಿವೈಡರ್‌ಗಳ ಸಂಖ್ಯೆ ಬೇರೆ. ಎರಡನ್ನೂ ಕೇಳಿ. ಎರಡನೆಯದನ್ನು ಹೇಳದೆ ಬಿಟ್ಟಿದ್ದರೆ ಹೇಳಿಕೊಳ್ಳುವಂಥದ್ದು ಇಲ್ಲವೆಂದೇ ತಿಳಿಯಿರಿ.

ಆರೇಳು ಖಾನೆಯ ಮಧ್ಯಮ ಬ್ಯಾಗ್

ಹೈಬ್ರಿಡ್ ಎಂಬ ಹೆಸರಿನಲ್ಲಿ ಬರುವ ಇವು ಒಂದು ದಿನ ಹೊತ್ತು, ಇನ್ನೊಂದು ದಿನ ಟ್ರಾಲಿಗೆ ಕಟ್ಟುವವರಿಗಾಗಿ ಹುಟ್ಟಿದವು. ಎರಡೂವರೆ ಕಿಲೋ ಆಸುಪಾಸು. ತಳ ಟ್ರಾಲಿಯ ತೊಟ್ಟಿಲಲ್ಲಿ ತಿರುಗದೆ ಕೂರುವಂತೆ ಚಪ್ಪಟೆಯಾಗಿರುತ್ತದೆ, ಕಾಲುಗಳನ್ನು ಕಟ್ಟಿಹಾಕಲು ಒಂದು ಪಟ್ಟಿ ಇರುತ್ತದೆ, ಪಟರಿಗೆ ಪ್ರತ್ಯೇಕ ಅಗಲದ ಖಾನೆ ಸಾಮಾನ್ಯ. ಈ ಕೊನೆಯದನ್ನು ಕಡೆಗಣಿಸಬೇಡಿ. ಪಟರ್ ಗ್ರಿಪ್‌ಗಳ ದಪ್ಪಕ್ಕೆ ನಿಯಮ ಕೊಡುವ ಮಿತಿ 1.75 ಇಂಚು, ಅಂದರೆ 4.4 ಸೆಂಟಿಮೀಟರಿಗೂ ತುಸು ಹೆಚ್ಚು. ಮೇಲೆ ಲೆಕ್ಕ ಹಾಕಿದ 4.2 ಸೆಂಟಿಮೀಟರಿನ ಖಾನೆಗೆ ಅಂಥ ದಪ್ಪ ಗ್ರಿಪ್ ಇಳಿಯುವುದೇ ಇಲ್ಲ. ದಪ್ಪ ಗ್ರಿಪ್‌ನ ಪಟರ್ ಇದ್ದವರು ಬೇರೆಲ್ಲ ಹೋಲಿಕೆಗೆ ಮೊದಲು ಇದೊಂದನ್ನು ನೋಡಿಕೊಳ್ಳಬೇಕು. ವಾರಕ್ಕೊಂದು ರೀತಿ ಆಡುವವರಿಗೆ ಈ ಮಧ್ಯಮ ವರ್ಗ ಒಳ್ಳೆಯ ರಾಜಿ. ಯಾವಾಗಲೂ ಒಂದೇ ರೀತಿ ಆಡುವವರಿಗೆ ಎರಡೂ ಕಡೆ ಅರೆಬರೆ.

ಹದಿನಾಲ್ಕು ಖಾನೆಯ ಸ್ಟ್ಯಾಂಡ್ ಬ್ಯಾಗ್

ಅತಿ ಹೆಚ್ಚು ಆಸೆ ಹುಟ್ಟಿಸುವುದು ಇದು, ಅತಿ ಹೆಚ್ಚು ನಿರಾಸೆ ಮಾಡುವುದೂ ಇದೇ. ಎರಡೂಕಾಲರಿಂದ ಮೂರು ಕಿಲೋ. ಪ್ರತಿ ಕ್ಲಬ್ಬಿಗೂ ಒಂದು ಮನೆ. ನಿರಾಸೆಗೆ ಕಾರಣ ಕಾಲುಗಳ ಯಂತ್ರಾಂಗ. ಸ್ಟ್ಯಾಂಡ್ ಬ್ಯಾಗಿನ ತಳ ನೆಲಕ್ಕೆ ಒತ್ತಿದಾಗ ಮಣಿದು ಕಾಲುಗಳನ್ನು ಹೊರಕ್ಕೆ ತಳ್ಳುತ್ತದೆ. ತಳ ಮಣಿದಾಗ ಅದಕ್ಕೆ ಹೊಲಿದ ಬಟ್ಟೆಯ ಗೋಡೆಗಳೂ ಸಡಿಲವಾಗಿ ಮಡಿಕೆ ಬೀಳುತ್ತವೆ. ಕಿರಿದಾದ ಖಾನೆಯಲ್ಲಿ ಮಡಿಕೆ ಬಿದ್ದ ಬಟ್ಟೆ ಗ್ರಿಪ್ಪನ್ನು ಹಿಡಿದುಕೊಳ್ಳುತ್ತದೆ. ಮಳೆಯಲ್ಲಿ ಬಟ್ಟೆಯೂ ರಬ್ಬರೂ ಒದ್ದೆಯಾದರೆ ಕೇಳುವುದೇ ಬೇಡ. ಇದನ್ನು ತಪ್ಪಿಸಲು ಕೆಲವು ತಯಾರಕರು ಗೋಡೆಗಳನ್ನು ಬಾಯ ಬಳಿಯಷ್ಟೇ ಇಟ್ಟು ಕೆಳಗೆ ಮುಕ್ತವಾಗಿ ಬಿಡುತ್ತಾರೆ. ಆಗ ಮೇಲೆ ಅಚ್ಚುಕಟ್ಟು, ಕೆಳಗೆ ಹಳೆಯ ಸಿಕ್ಕೇ ಸಿಕ್ಕು. ಬೆಲೆ ಮಾತ್ರ ಹೊಸದು.

ಹಾಗಿದ್ದರೂ ಇದನ್ನು ತಳ್ಳಿಹಾಕಲಾರೆ. ಪ್ರತಿ ಕ್ಲಬ್ಬಿಗೆ ಗೊತ್ತಾದ ಜಾಗವಿದ್ದರೆ ಖಾಲಿ ಖಾನೆ ಕಣ್ಣಿಗೆ ಹೊಡೆಯುತ್ತದೆ. ಹಿಂದಿನ ಗ್ರೀನ್ (ಕುಳಿಯ ಸುತ್ತಲಿನ ನುಣುಪು ಹುಲ್ಲು) ಅಂಚಿನಲ್ಲಿ ಬಿಟ್ಟುಬಂದ ವೆಡ್ಜ್, ಮುಂದಿನ ಕುಳಿಯ ಆಟ ಶುರುವಾಗುವ ಟೀ ಜಾಗದಲ್ಲೇ ನೆನಪಾಗುತ್ತದೆ. ಜೊತೆಗಾರನ ಕ್ಲಬ್ ತಪ್ಪಿ ನಿಮ್ಮ ಬ್ಯಾಗಿಗೆ ಬಂದು ಹದಿನೈದಾದರೂ ಗೊತ್ತಾಗುತ್ತದೆ. ಸ್ಪರ್ಧೆಯಲ್ಲಿ ಅದು ಸಣ್ಣ ವಿಷಯವಲ್ಲ: ಒಟ್ಟು ಹೊಡೆತಗಳನ್ನು ಎಣಿಸುವ ಸ್ಟ್ರೋಕ್ ಪ್ಲೇ ಆಟದಲ್ಲಿ ಮಿತಿ ಮೀರಿ ಆಡಿದ ಪ್ರತಿ ಕುಳಿಗೆ ಎರಡು ಹೊಡೆತದ ದಂಡ, ಸುತ್ತಿಗೆ ಗರಿಷ್ಠ ನಾಲ್ಕು. ಗ್ರಾಫೈಟ್ ಶಾಫ್ಟ್‌ಗಳ ಪೂರ್ಣ ಸೆಟ್ ಇದ್ದು, ಹೆಚ್ಚಾಗಿ ಟ್ರಾಲಿ ತಳ್ಳುವವರು, ಆಗೊಮ್ಮೆ ಈಗೊಮ್ಮೆ ಹೊರುವವರು ಇದನ್ನು ಧೈರ್ಯವಾಗಿ ಪರಿಗಣಿಸಬಹುದು. ಆದರೆ ಬಾಯಿ 9 ಇಂಚಿಗಿಂತ ಕಡಿಮೆ ಇರುವ ಹದಿನಾಲ್ಕು ಖಾನೆಯ ಬ್ಯಾಗನ್ನು ನಾನು ಯಾರಿಗೂ ಹೇಳುವುದಿಲ್ಲ.

ಕಾರ್ಟ್ ಬ್ಯಾಗ್ ಮತ್ತು ಅದಕ್ಕಿಂತ ದೊಡ್ಡವು

ಕಾಲುಗಳಿಲ್ಲದ, ನೆಟ್ಟಗೆ ನಿಲ್ಲುವ ಕಾರ್ಟ್ ಬ್ಯಾಗಿನಲ್ಲಿ ತಳ ಮಣಿಯುವುದಿಲ್ಲ, ಒಡಲು ಬಿಗಿಯಾಗಿರುತ್ತದೆ, ಹಾಗಾಗಿ ಪೂರ್ಣ ಉದ್ದದ ಗೋಡೆಗಳು ಎಳೆದು ಕಟ್ಟಿದಂತೆ ನೇರ ನಿಲ್ಲುತ್ತವೆ. ಹದಿನಾಲ್ಕು ಖಾನೆ ನಿಜಕ್ಕೂ ಕೆಲಸ ಮಾಡುವುದು ಇಲ್ಲಿ. ಹಗುರವಾದವು ಎರಡೂವರೆ ಕಿಲೋಗೆ ಸಿಗುತ್ತವೆ, ಸಾಮಾನ್ಯವಾದವು ಮೂರನ್ನು ದಾಟುತ್ತವೆ. ಹೆಗಲ ಪಟ್ಟಿ ಒಂದೇ, ಅದೂ ವಾಹನದಿಂದ ಕಾರ್ಟಿನವರೆಗೆ ಸಾಗಿಸಲು ಮಾತ್ರ. ಎಂದೂ ಹೊರದವರು ಇದನ್ನೇ ಕೊಳ್ಳಲಿ. ಇವರಿಗೆ ಹಗುರತನದ ಚಿಂತೆ ಬೇಕಿರುವುದು ಎತ್ತಿ ಇಳಿಸುವಷ್ಟಕ್ಕೇ. ವೃತ್ತಿಪರರ ಹಿಂದೆ ಕ್ಯಾಡಿಗಳು ಹೊರುವ ಸ್ಟಾಫ್ ಬ್ಯಾಗ್ ನಾಲ್ಕೂವರೆ ಐದು ಕಿಲೋದ ಜಾಹೀರಾತು ಫಲಕ, ಈ ಹೋಲಿಕೆಗೆ ಸೇರುವುದಿಲ್ಲ.

ಕೊಳವೆ, ಕ್ಲಿಪ್, ರಬ್ಬರ್ ಹಲ್ಲು

ಇರುವ ಬ್ಯಾಗನ್ನೇ ಸುಧಾರಿಸಿಕೊಳ್ಳುವ ದಾರಿಗಳೂ ಇವೆ. ತೆಳು ಪ್ಲಾಸ್ಟಿಕ್ ಕೊಳವೆಗಳನ್ನು ಇಳಿಬಿಟ್ಟು ಒಂದೊಂದರಲ್ಲಿ ಒಂದೊಂದು ಕ್ಲಬ್ ಇಡುವುದು ಹಳೆಯ ಉಪಾಯ. ಗ್ರಿಪ್‌ಗಳ ಸಿಕ್ಕು ಪೂರ್ತಿ ಹೋಗುತ್ತದೆ, ನುಣುಪಾದ ಒಳಮೈಯಿಂದ ಕ್ಲಬ್ ಸಲೀಸಾಗಿ ಜಾರುತ್ತದೆ, ಖರ್ಚೂ ಕಡಿಮೆ. ಆದರೆ ಶಾಫ್ಟ್ ಕೊಳವೆಯೊಳಗೆ ಲಟಲಟ ಎನ್ನುತ್ತದೆ, ತೂಕ ಹದಿನಾಲ್ಕರಿಂದ ಗುಣಿಸಿಕೊಳ್ಳುತ್ತದೆ. ಒಂದನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಗುಣಿಸಿ, ಆಮೇಲೆ ಕೊಳ್ಳಿ. ನನ್ನ ಸಲಹೆ: ಹದಿನಾಲ್ಕಕ್ಕೂ ಬೇಡ, ಹೆಚ್ಚು ಬಳಸುವ ಐದಾರು ಐರನ್‌ಗಳಿಗೆ ಸಾಕು.

ಬಾಯಂಚಿಗೆ ಸಿಕ್ಕಿಸುವ ಕ್ಲಿಪ್‌ಗಳು ಐರನ್‌ಗಳನ್ನು ಹೊರಬದಿಯಲ್ಲಿ ಸಾಲಾಗಿ ಹಿಡಿಯುತ್ತವೆ. ತಲೆಗಳು ಒಂದೇ ದಿಕ್ಕಿಗೆ ಮುಖ ಮಾಡಿ ನಿಲ್ಲುವುದರಿಂದ ತಾಗಾಟ ಬಹಳ ಕಡಿಮೆ. ಕಾರ್ಟಿನಲ್ಲಿ ಚೆನ್ನ. ಹೊತ್ತು ನಡೆಯುವಾಗ ಅದೇ ಕ್ಲಿಪ್‌ಗಳು ಕಳಚಿಕೊಳ್ಳುವ ನೆಪ ಹುಡುಕುತ್ತಿರುತ್ತವೆ. ಖಾನೆಯ ಬಾಯಲ್ಲೇ ಮೃದು ರಬ್ಬರಿನ ಹಲ್ಲುಗಳು ಶಾಫ್ಟನ್ನು ಕಚ್ಚಿ ಹಿಡಿಯುವ ವಿನ್ಯಾಸವೂ ಇದೆ. ಸದ್ದು ಅಡಗಿಸುವುದರಲ್ಲಿ ಬೇರಾವುದೂ ಇದಕ್ಕೆ ಸಮವಲ್ಲ. ತೆಗೆಯಲು, ಹಾಕಲು ಪ್ರತಿ ಸಲ ಸ್ವಲ್ಪ ಬಲ ಬೇಕು, ಮೇಲ್ಭಾಗ ಭಾರವಾಗುತ್ತದೆ. ಬೆರಳ ಕೀಲುಗಳಲ್ಲಿ ನೋವಿರುವವರಿಗೆ ಬೇಡ.

ಬಟ್ಟೆ ಮತ್ತು ಕಾಲು

ಹಗುರತನ ನಿಜವಾಗಿ ಬರುವುದು ಬಟ್ಟೆಯಿಂದ. ನೂಲಿನ ದಪ್ಪವನ್ನು ಡೆನಿಯರ್ ಎಂಬ ಮಾನದಲ್ಲಿ ಹೇಳುತ್ತಾರೆ. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. 210 ಡೆನಿಯರಿನ ನೈಲಾನ್ 420ರದ್ದಕ್ಕಿಂತ ಹಗುರ, ಬೇಗ ಸವೆಯುವುದೂ ಹೌದು. ಜಾಣ ವಿನ್ಯಾಸಕರು ಇಡೀ ಬ್ಯಾಗಿಗೆ ಒಂದೇ ಬಟ್ಟೆ ಬಳಸುವುದಿಲ್ಲ. ನೆಲಕ್ಕೆ, ಸೊಂಟಕ್ಕೆ ಉಜ್ಜುವ ಕಡೆ ದಪ್ಪ, ಉಳಿದೆಡೆ ತೆಳು. ಚೌಕಳಿ ಎಳೆಗಳಿಂದ ಬಟ್ಟೆ ಹರಿಯುವುದನ್ನು ತಡೆಯುವ ರಿಪ್‌ಸ್ಟಾಪ್ ನೇಯ್ಗೆ ಇದ್ದರೆ ಇನ್ನೂ ಒಳ್ಳೆಯದು. ಡಿವೈಡರಿಗೆ ನುಣುಪಾದ ತೆಳು ನೈಲಾನೇ ಸರಿ, ಗ್ರಿಪ್ ಜಾರುತ್ತದೆ. ಮೆತ್ತನೆಯ ಉಣ್ಣೆಯಂಥ ಬಟ್ಟೆ ಬಾಯಂಚಿಗಷ್ಟೇ ಇರಲಿ. ಅದನ್ನು ಗೋಡೆಯುದ್ದಕ್ಕೂ ಇಳಿಸಿದರೆ ನೀರು ಕುಡಿದು ಭಾರವಾಗುತ್ತದೆ, ತಿಂಗಳಾದರೂ ವಾಸನೆ ಬಿಡುವುದಿಲ್ಲ.

ಕೃತಕ ಚರ್ಮ ಚಂದ, ಭಾರ. ಪೂರ್ತಿ ನೀರುನಿರೋಧಕ ಬ್ಯಾಗಿನಲ್ಲಿ ಹೊಲಿಗೆಗಳ ಮೇಲೆ ಒಳಗಿನಿಂದ ಪಟ್ಟಿ ಅಂಟಿಸಿರುತ್ತಾರೆ, ಬೆಲೆಯೂ ತೂಕವೂ ಏರುತ್ತದೆ. ಮಳೆಯಲ್ಲಿ ಆಡುವ ಹುಚ್ಚು ಇಲ್ಲದವರಿಗೆ ನೀರು ಜಾರಿಸುವ ಲೇಪ ಮತ್ತು ತಲೆಗಳನ್ನು ಮುಚ್ಚುವ ಟೋಪಿ ಸಾಕು. ಕಾಲುಗಳು ಅಲ್ಯೂಮಿನಿಯಮ್ಮಿನದೋ ಕಾರ್ಬನ್ ನಾರಿನದೋ ಎಂಬ ಚರ್ಚೆಗೆ ಹೆಚ್ಚು ಹೊತ್ತು ಕೊಡಬೇಡಿ. ಕಾರ್ಬನ್ ಹಗುರ, ಆದರೆ ಉಳಿತಾಯ ಕೆಲವೇ ಚೆಂಡುಗಳ ತೂಕದಷ್ಟು. ಬೆಲೆಯ ಏರಿಕೆ ಅದಕ್ಕಿಂತ ದೊಡ್ಡದು.

ಕೈಯಲ್ಲಿರುವ ಹಣ ಕಡಿಮೆ ಇದ್ದರೆ

ಮೊದಲ ಖರ್ಚು ಪೂರ್ಣ ಉದ್ದದ ಗೋಡೆಗಳಿರುವ ನಾಲ್ಕು ಖಾನೆಗೆ, ಎರಡನೆಯದು ಎರಡೂ ಹೆಗಲಿಗೆ ಹಂಚುವ ಮೆತ್ತನೆಯ ಪಟ್ಟಿಗೆ. ಪಟ್ಟಿ ಸರಿಯಿಲ್ಲದ ಒಂದೂವರೆ ಕಿಲೋ ಬ್ಯಾಗ್, ಪಟ್ಟಿ ಚೆನ್ನಾಗಿರುವ ಎರಡು ಕಿಲೋ ಬ್ಯಾಗಿಗಿಂತ ಹೆಚ್ಚು ನೋಯಿಸುತ್ತದೆ. ಖಾನೆಗಳ ಸಂಖ್ಯೆ, ಕಾರ್ಬನ್, ತಂಪು ಜೇಬು ಎಲ್ಲ ಆಮೇಲಿನ ಮಾತು. ಬಳಸಿದ ಬ್ಯಾಗ್ ಕೊಳ್ಳುವುದಾದರೆ ಹೊರಗಿನ ಕೊಳೆಗೆ ಹೆದರಬೇಡಿ. ಕಾಲುಗಳ ಸ್ಪ್ರಿಂಗ್, ತಳದ ಬಿರುಕು, ಡಿವೈಡರ್ ಹೊಲಿಗೆ ಈ ಮೂರನ್ನು ನೋಡಿ. ತಳದಿಂದ ಹೊಲಿಗೆ ಬಿಟ್ಟ ಗೋಡೆ ಇದ್ದೂ ಇಲ್ಲದಂತೆ. ಅಷ್ಟು ಆಳಕ್ಕೆ ಸೂಜಿ ಇಳಿಸಿ ಮತ್ತೆ ಹೊಲಿಯುವುದು ಸುಲಭವಲ್ಲ.

ಹಣಕ್ಕೆ ತೊಂದರೆ ಇಲ್ಲದವರಿಗೂ ಒಂದು ಕಿವಿಮಾತು. ಎಲ್ಲವನ್ನೂ ಮಾಡುವ ಒಂದು ದುಬಾರಿ ಬ್ಯಾಗಿಗಿಂತ, ಹೊರಲು ಒಂದು ಹಗುರ ಸ್ಟ್ಯಾಂಡ್ ಬ್ಯಾಗ್, ಕಾರ್ಟಿಗೆ ಒಂದು ಸಾಧಾರಣ ಹದಿನಾಲ್ಕು ಖಾನೆಯದು, ಹೀಗೆ ಎರಡು ಇಟ್ಟುಕೊಳ್ಳುವುದು ಎಷ್ಟೋ ಸಲ ಅದೇ ಮೊತ್ತಕ್ಕೆ ಮುಗಿಯುತ್ತದೆ.

ಅಂಗಡಿಯಲ್ಲಿ

ನಿಮ್ಮದೇ ಕ್ಲಬ್‌ಗಳನ್ನು ತೆಗೆದುಕೊಂಡು ಹೋಗಿ. ಖಾಲಿ ಬ್ಯಾಗ್ ಎಲ್ಲವೂ ಹಗುರ, ಎಲ್ಲವೂ ಅಚ್ಚುಕಟ್ಟು. ಅಷ್ಟೂ ತುಂಬಿ, ಕಾಲು ಚಾಚಿ ನಿಲ್ಲಿಸಿ, ಕೆಳಸಾಲಿನ ನಟ್ಟನಡುವಿನ ಐರನ್ ಎಳೆದು ಒಂದೇ ಕೈಯಲ್ಲಿ ವಾಪಸ್ ಬಿಡಿ. ತನ್ನ ಭಾರಕ್ಕೆ ತಾನೇ ತಳ ಮುಟ್ಟಿದರೆ ಸರಿ. ಒತ್ತಬೇಕಾಗಿ ಬಂದರೆ ಮಳೆಯ ದಿನ ಗುದ್ದಬೇಕಾಗುತ್ತದೆ. ಮೊಬೈಲಿನ ಟಾರ್ಚ್ ಹಾಕಿ ಪ್ರತಿ ಖಾನೆಯ ತಳ ನೋಡಿ, ಗೋಡೆ ಎಲ್ಲಿಯವರೆಗೆ ಇಳಿದಿದೆ ಎಂದು ಗೊತ್ತಾಗುತ್ತದೆ. ಪಟರನ್ನು ಅದರ ಖಾನೆಗೆ ಇಳಿಸಿ ನೋಡಿ. ಬಳಿಕ ಎರಡೂ ಹೆಗಲಿಗೆ ಏರಿಸಿ ಅಂಗಡಿಯೊಳಗೆ ಒಂದು ಸುತ್ತು ಹಾಕಿ: ತಲೆಯ ಬದಿ ತುಸು ಮೇಲಿದ್ದು ಬ್ಯಾಗ್ ಬೆನ್ನಿಗೆ ಒರಗಿರಬೇಕು, ನಡೆಯುವಾಗ ಕಾಲುಗಳು ಹಿಂದೊಡೆಗೆ ಬಡಿಯಬಾರದು. ಟ್ರಾಲಿ ಬಳಸುವವರು ಟ್ರಾಲಿಯನ್ನೂ ಒಯ್ಯಲಿ. ಸ್ಟ್ಯಾಂಡ್ ಬ್ಯಾಗಿನ ಕಾಲುಗಳು ಅದರ ಹಿಡಿತಕ್ಕೆ ಅಡ್ಡ ಬರುತ್ತವೆಯೋ ಇಲ್ಲವೋ ಎಂಬುದು ವಿವರಪಟ್ಟಿ ಓದಿ ತಿಳಿಯುವಂಥದ್ದಲ್ಲ, ಕಟ್ಟಿ ಬಿಗಿದು, ಎಡಬಲಕ್ಕೆ ಒಮ್ಮೆ ಜಗ್ಗಿಯೇ ನೋಡಬೇಕು.